ಬಾಳ್ಗಳ್ಚು - ಕತ್ತಿ ತೊಳೆದು ಕೊಟ್ಟ ಊರು

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ‘ಊಳಿಗಮಾನ್ಯ ಪದ್ಧತಿ’ ಅಂತ ಓದಿದ್ದು ನಿಮಗೆಲ್ಲ ನೆನಪಿರಬಹುದು. ಮೇಲೆ ಒಬ್ಬ ರಾಜ, ಅವನ ಕೆಳಗೆ ಶ್ರೀಮಂತರು, ಅವರ ಕೆಳಗೆ ನೈಟ್‌ಗಳು, ಎಲ್ಲರಿಗಿಂತ ಕೆಳಗೆ ಜೀತದ ರೈತರು. ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತೆವು. ಅದೆಲ್ಲ ಯುರೋಪಿನ ಕಥೆ, ನಮಗೇನು ಸಂಬಂಧ ಅಂತ.

ಆದರೆ ಆ ಕನ್ನಡ ಪದವನ್ನೇ ಒಮ್ಮೆ ಬಿಡಿಸಿ ನೋಡಿ. ಊಳಿಗ ಅಂದರೆ ಸೇವೆ, ಚಾಕರಿ. ಮಾನ್ಯ ಅಂದರೆ ತೆರಿಗೆ ಇಲ್ಲದೆ ಬಿಟ್ಟುಕೊಟ್ಟ ಭೂಮಿ. ಊಳಿಗ ಮಾಡಿದ್ದಕ್ಕೆ ಸಿಕ್ಕ ಮಾನ್ಯ! ಇಂಗ್ಲಿಷಿನ ‘ಫ್ಯೂಡಲ್’ ಪದದ ಬೇರು ಹುಡುಕುತ್ತ ಹೋದರೆ ದನಕರು, ಆಸ್ತಿ ಎಂಬ ಅರ್ಥದ ಹಳೆಯ ಜರ್ಮನ್ ಮೂಲದ ಪದಕ್ಕೆ ಹೋಗಿ ಮುಟ್ಟುತ್ತದೆ ಅನ್ನುವುದು ಬಹುಪಾಲು ಪಂಡಿತರ ಅಭಿಪ್ರಾಯ. ಅದನ್ನು ಕನ್ನಡಕ್ಕೆ ತಂದವರು ದನದ ಗೊಡವೆಗೆ ಹೋಗದೆ ವಿಷಯದ ತಿರುಳನ್ನೇ ಹಿಡಿದು ಪದ ಕಟ್ಟಿದ್ದಾರೆ. ಭೇಷ್ ಅನ್ನಬೇಕು.

ಇರಲಿ, ಇವತ್ತು ನಾನು ಬರೆಯಹೊರಟಿರುವುದು ಆ ಪದದ ಬಗ್ಗೆ ಅಲ್ಲ. ಅದಕ್ಕಿಂತ ಬಹಳ ಹಳೆಯದಾದ, ಈಗ ಯಾರ ಬಾಯಲ್ಲೂ ಇಲ್ಲದ ಇನ್ನೊಂದು ಪದದ ಬಗ್ಗೆ. ಅದು ‘ಬಾಳ್ಗಳ್ಚು’.

ಮೊದಲು ಪದ ಬಿಡಿಸೋಣ

ಬಾಳ್ + ಕಳ್ಚು. ಸಮಾಸವಾದಾಗ ಕಕಾರ ಗಕಾರವಾಗಿದೆ. ಬೆಟ್ಟ + ತಾವರೆ ‘ಬೆಟ್ಟದಾವರೆ’ ಆದ ಹಾಗೆ. ಅದೇ ನಮ್ಮ ಆದೇಶ ಸಂಧಿ.

ಇಲ್ಲಿ ಬಾಳ್ ಅಂದರೆ ಬದುಕು ಅಲ್ಲ, ಕತ್ತಿ. ಹಳಗನ್ನಡದಲ್ಲಿ ಇವೆರಡೂ ಬೇರೆ ಬೇರೆ ಪದಗಳು, ಬೇರೆ ಬೇರೆ ಅಕ್ಷರಗಳು. ಕತ್ತಿಗೆ ‘ಬಾಳ್’, ಬದುಕುವುದಕ್ಕೆ ‘ಬಾೞ್’. ತಮಿಳಿನಲ್ಲಿ ಇವತ್ತಿಗೂ ಕತ್ತಿ ‘ವಾಳ್’, ಬದುಕು ‘ವಾೞ್’. ನಮ್ಮಲ್ಲಿ ಆ ಎರಡನೆಯ ಅಕ್ಷರ ಸತ್ತುಹೋಗಿ ಎರಡೂ ‘ಬಾಳು’ ಆದವು.

‘ಕಳ್ಚು’ ಕೂಡ ನಿಜವಾಗಿ ‘ಕೞ್ಚು’. ತೊಳೆಯುವುದು ಅಂತ ಅರ್ಥ. ತಮಿಳಿನ ‘ಕೞುವು’, ಮಲಯಾಳದ ‘ಕೞುಕುಕ’ ಇದರ ಅಕ್ಕತಂಗಿಯರು. ಕೇರಳದ ಗೆಳೆಯರಿದ್ದವರಿಗೆ ಈ ಪದ ಕಿವಿಗೆ ಬಿದ್ದಿರುತ್ತದೆ.

ಅಂದರೆ ಬಾಳ್ಗೞ್ಚು = ಕತ್ತಿ ತೊಳೆಯುವುದು.

(ಮೇಲೆ ‘ೞ’ ಇದ್ದ ಕಡೆ ನಿಮಗೆ ಚೌಕ ಕಂಡರೆ ಅದು ನಿಮ್ಮ ಫಾಂಟಿನ ಮಹಿಮೆ. ಇನ್ನೊಂದು ತಮಾಷೆ ಕೇಳಿ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’! ಯಾರೋ ಶುರುವಿನಲ್ಲಿ ತಪ್ಪು ಹೆಸರು ಕೊಟ್ಟರು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನುವುದು ಯೂನಿಕೋಡಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಿನಂತೆ ಸೇರಿಸಿದ್ದಾರೆ. ಸತ್ತ ಅಕ್ಷರಕ್ಕೆ ಶ್ರಾದ್ಧದಲ್ಲೂ ಹೆಸರು ತಪ್ಪಾಗಿ ಹೇಳಿದ ಹಾಗಾಯಿತು :-) ಮುಂದೆ ಓದಲು ಸುಲಭವಾಗಲಿ ಅಂತ ‘ಬಾಳ್ಗಳ್ಚು’ ಅಂತಲೇ ಬರೆಯುತ್ತೇನೆ.)

ಈ ೞ ಎಲ್ಲಿಗೆ ಹೋಯಿತು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಸ್ವರದ ಮುಂದೆ ಇದ್ದರೆ ಸುಮ್ಮನೆ ಳ ಆಯಿತು. ಏೞು ಏಳಾಯಿತು, ಕೋೞಿ ಕೋಳಿಯಾಯಿತು, ಬಾೞೆ ಬಾಳೆಯಾಯಿತು. ವ್ಯಂಜನದ ಹಿಂದೆ ಇದ್ದರೆ ಮೊದಲು ರ ಆಗಿ, ಆಮೇಲೆ ಮುಂದಿನ ಅಕ್ಷರದಲ್ಲೇ ಕರಗಿಹೋಯಿತು. ಬಿೞ್ದು - ಬಿರ್ದು - ಬಿದ್ದು. ಗೞ್ದೆ - ಗರ್ದೆ - ಗದ್ದೆ. ಹಾಗೆಯೇ ಕೞ್ಚು - ಕರ್ಚು - ಕಚ್ಚು. 13ನೇ ಶತಮಾನದ ಹೊತ್ತಿಗೆ ೞ ಎಷ್ಟು ಅಪರೂಪ ಆಗಿತ್ತೆಂದರೆ, ಯಾವ ಯಾವ ಪದದಲ್ಲಿ ಅದು ಇತ್ತು ಅಂತ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿಯನ್ನೇ ಕೊಡಬೇಕಾಯಿತು. ಗದ್ದೆ ಮತ್ತು ಕಚ್ಚು ಎರಡನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಲ್ಮಿಡಿಯ ಕಲ್ಲು

ಹಲ್ಮಿಡಿ ಶಾಸನದ ಹೆಸರು ಕೇಳದ ಕನ್ನಡಿಗ ಇಲ್ಲ. ಹಾಸನ ಜಿಲ್ಲೆ ಬೇಲೂರು ತಾಲೂಕಿನ ಊರು. ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಇದನ್ನು ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450. ತಾಳಗುಂದದ ಸಿಂಹಕಟಾಂಜನ ಶಾಸನ ಇದಕ್ಕಿಂತ ಹಳೆಯದು, ಕ್ರಿ.ಶ. 370ರದ್ದು ಅನ್ನುವ ವಾದ ಈಚೆಗೆ ಬಂದಿದೆ. ಆದರೆ ‘ಕನ್ನಡದ ಮೊದಲ ಶಾಸನ’ ಅಂದ ಕೂಡಲೇ ಈಗಲೂ ನಮ್ಮ ನಾಲಿಗೆಗೆ ಬರುವುದು ಹಲ್ಮಿಡಿಯೇ.

ಅದರ ಹೆಸರು ಎಲ್ಲರಿಗೂ ಗೊತ್ತು. ಅದರಲ್ಲಿ ಏನು ಬರೆದಿದೆ ಅಂತ ಎಷ್ಟು ಜನಕ್ಕೆ ಗೊತ್ತು? ನವೆಂಬರ್ ಒಂದಕ್ಕೆ ಬಾವುಟ ಹಾರಿಸುವಾಗ ಪಕ್ಕದವರನ್ನು ಕೇಳಿ ನೋಡಿ.

ಅದು ಕವಿತೆಯಲ್ಲ, ದೇವರ ಸ್ತೋತ್ರವೂ ಅಲ್ಲ (ಮೊದಲಿಗೆ ವಿಷ್ಣುವಿನ ಒಂದು ಸ್ತುತಿ ಇದೆ, ಅಷ್ಟೆ). ಅದೊಂದು ಭೂಮಿಯ ಪತ್ರ. ಕದಂಬರ ಕಾಕುಸ್ಥನ ಕಾಲದಲ್ಲಿ, ಕೇಕಯ-ಪಲ್ಲವರ ಜೊತೆಗಿನ ಕಾಳಗದಲ್ಲಿ ಪರಾಕ್ರಮ ತೋರಿಸಿದ ವಿಜಅರಸ ಎಂಬ ವೀರನಿಗೆ ಪಾಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟ ದಾಖಲೆ. ಪಾಲ್ಮಿಡಿಯೇ ಇಂದಿನ ಹಲ್ಮಿಡಿ. ಯಾವ ರೀತಿಯ ಕೊಡುಗೆ ಅಂದರೆ... ಬಾಳ್ಗಳ್ಚು!

ಹದಿನಾರು ಸಾಲಿನ ಆ ಶಾಸನವನ್ನು ಓದುವಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹೊಗಳಿಕೆ ಬಂದಲ್ಲೆಲ್ಲ ಉದ್ದುದ್ದ ಸಂಸ್ಕೃತ ಸಮಾಸಗಳು. ಭೂಮಿಯ ವಿಷಯ ಬಂದ ಕೂಡಲೇ ಭಾಷೆ ಕನ್ನಡಕ್ಕೆ ಇಳಿಯುತ್ತದೆ. ಕೊಟ್ಟದ್ದು ‘ಬಾಳ್ಗಳ್ಚು’. ಬಿಟ್ಟ ತೆರಿಗೆ ‘ಕುಱುಂಬಿಡಿ’. ಬತ್ತದ ಭೂಮಿ ‘ಗೞ್ದೆ’. ಬ್ರಾಹ್ಮಣರಿಗೆ ಬಿಟ್ಟ ಹತ್ತರಲ್ಲೊಂದು ಪಾಲು ‘ಪತ್ತೊಂದಿ’. ಹೊಗಳಿಕೆ ಅರ್ಥವಾಗದಿದ್ದರೆ ಯಾರಿಗೂ ನಷ್ಟ ಇಲ್ಲ. ಆದರೆ ಯಾವ ಗದ್ದೆ, ಎಷ್ಟು ಪಾಲು, ಯಾರಿಗೆ ಅನ್ನುವುದು ಊರಿನವರಿಗೆ ಅರ್ಥವಾಗಲೇಬೇಕಲ್ಲ? ಮುಂದಿನ ಕಾಲದ ಎಷ್ಟೋ ತಾಮ್ರಪಟಗಳಲ್ಲೂ ಹೀಗೆಯೇ. ವಂಶದ ವರ್ಣನೆ ಸಂಸ್ಕೃತದಲ್ಲಿ, ಜಮೀನಿನ ಚೆಕ್ಕುಬಂದಿ ಕನ್ನಡದಲ್ಲಿ. ನಮ್ಮ ಭಾಷೆ ಕಲ್ಲಿನ ಮೇಲೆ ಹತ್ತಿದ್ದೇ ಆಸ್ತಿಪತ್ರದ ಭಾಷೆಯಾಗಿ ಅನ್ನುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಜನಕ್ಕೆ ಬೇಕಾದ ಕಡೆ ಜನರ ಮಾತು ಬಂತು.

ಆತಕೂರಿನ ಕಲ್ಲು, ಕಾಳಿಯ ಕಥೆ

ಹಲ್ಮಿಡಿಯಿಂದ ಐನೂರು ವರ್ಷ ಮುಂದೆ ಬನ್ನಿ. ಕ್ರಿ.ಶ. 949-50. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರು. ಈ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಾರಾಂತ್ಯ ಮಾಲ್ ಸುತ್ತಿ ಬೇಜಾರಾದವರು ಒಮ್ಮೆ ಹೋಗಿ ನೋಡಿ.

ಆಗ ತಕ್ಕೋಲಂನಲ್ಲಿ (ಈಗ ತಮಿಳುನಾಡಿನ ಅರಕ್ಕೋಣಂ ಹತ್ತಿರ) ದೊಡ್ಡ ಯುದ್ಧ. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಇಮ್ಮಡಿ ಬೂತುಗ. ಎದುರಿಗೆ ಚೋಳರ ರಾಜಾದಿತ್ಯ. ಬೂತುಗನ ಕೈಯಲ್ಲಿ ರಾಜಾದಿತ್ಯ ಸತ್ತ. ಸಂತೋಷಗೊಂಡ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟ. (ಊರಿನ ಹೆಸರಿನ ಮುಂದಿನ ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಆದಾಯದ ಲೆಕ್ಕವೋ ಅಂತ ಇತಿಹಾಸಕಾರರಲ್ಲಿ ಬಹಳ ಚರ್ಚೆ ಇದೆ.)

ಬೂತುಗನ ಕೈಕೆಳಗೆ ಮಣಲೇರ ಅಂತ ಒಬ್ಬ ವೀರ. ಅವನೂ ಆ ಯುದ್ಧದಲ್ಲಿ ಮುಂದೆ ನಿಂತು ಕಾದಿದ. ಒಡೆಯ ಮೆಚ್ಚಿ ‘ಬೇಡಿಕೋ’ ಅಂದ. ಮಣಲೇರ ಕೇಳಿದ್ದು ಚಿನ್ನ ಅಲ್ಲ, ಊರೂ ಅಲ್ಲ. ಕಾಳಿ ಎಂಬ ಒಂದು ನಾಯಿ! ಕೊಟ್ಟರು. ಮುಂದೆ ಕೆಳಲೆನಾಡಿನ ಒಂದು ಗುಡ್ಡದಲ್ಲಿ ಬೇಟೆಯಾಡುವಾಗ ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದ. ನಾಯಿ ಹಂದಿಯ ಜೊತೆ ಸೆಣಸುವ ಚಿತ್ರವನ್ನು ಆ ಕಲ್ಲಿನ ಮೇಲೆ ಕೆತ್ತಿಸಿದ. ಕಲ್ಲಿಗೆ ಪೂಜೆ ನಡೆಯಲಿ ಅಂತ ಊರ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಅಂತ ಶಾಪವನ್ನೂ ಬರೆಸಿದರು.

ಅದೇ ಕಲ್ಲಿನಲ್ಲಿ ಇನ್ನೊಂದು ಮಾತು ಇದೆ. ಬೂತುಗ ಮಣಲೇರನಿಗೆ ಆತಕೂರು 12 ಮತ್ತು ಬೆಳ್ವೊಲದ ಒಂದು ಊರನ್ನು ಕೊಟ್ಟ. ಹೇಗೆ? ‘ಬಾಳ್ಗಚ್ಚು’ ಆಗಿ. ೞ ಕರಗಿ ಚ ಎರಡಾಗಿದೆ, ನೋಡಿ. ಗೞ್ದೆ ಗದ್ದೆಯಾದ ದಾರಿಯಲ್ಲೇ ಕೞ್ಚು ಕಚ್ಚು ಆಗಿದೆ. ಐನೂರು ವರ್ಷದಲ್ಲಿ ರಾಜವಂಶಗಳು ಹೋದವು, ಅಕ್ಷರ ಸವೆಯಿತು. ಕತ್ತಿ ತೊಳೆದು ಊರು ಕೊಡುವ ಪದ್ಧತಿ ಮಾತ್ರ ಹಾಗೇ ಇತ್ತು.

ಯಾಕೆ ತೊಳೆಯಬೇಕು?

ಯುದ್ಧದಲ್ಲಿ ಗೆದ್ದು ಬಂದ ವೀರನ ರಕ್ತ ಮೆತ್ತಿದ ಕತ್ತಿಯನ್ನು ತೊಳೆಯುವ ವಿಧಿ, ಆ ಸಂದರ್ಭದಲ್ಲಿ ಕೊಡುವ ಭೂಮಿ - ಇದು ಪಂಡಿತರು ಈ ಪದಕ್ಕೆ ಕೊಡುವ ವಿವರಣೆ. ವಿಧಿಯ ಹೆಸರೇ ಭೂಮಿಗೂ ಅಂಟಿಕೊಂಡಿತು. ನಾವು ‘ಅರಿಶಿನ-ಕುಂಕುಮಕ್ಕೆ ಕೊಟ್ಟ ಜಮೀನು’ ಅನ್ನುವುದಿಲ್ಲವೇ, ಹಾಗೆ.

ನನ್ನ ತಲೆಯಲ್ಲಿ ಇದರ ಪಕ್ಕಕ್ಕೆ ಇನ್ನೊಂದು ತೊಳೆಯುವಿಕೆ ಬಂದು ನಿಲ್ಲುತ್ತದೆ. ಚಾಲುಕ್ಯ, ಹೊಯ್ಸಳರ ಕಾಲದ ದಾನಶಾಸನಗಳನ್ನು ತೆರೆದರೆ ಮತ್ತೆ ಮತ್ತೆ ಸಿಗುವ ಮಾತು ಒಂದಿದೆ. ಗುರುವಿನ ಅಥವಾ ಆಚಾರ್ಯನ ‘ಕಾಲಂ ಕರ್ಚಿ, ಧಾರಾಪೂರ್ವಕಂ ಮಾಡಿ’ ಭೂಮಿ ಕೊಟ್ಟರು ಅಂತ. ಕಾಲು ತೊಳೆದು, ನೀರು ಎರೆದು ಕೊಟ್ಟರು. ಅದೇ ಕೞ್ಚು, ಇಲ್ಲಿ ಕರ್ಚು ಆಗಿದೆ. ಪೂಜಾರಿಗೆ ಕೊಡುವಾಗ ಕಾಲು ತೊಳೆದರು, ಯೋಧನಿಗೆ ಕೊಡುವಾಗ ಕತ್ತಿ ತೊಳೆದರು. ಎರಡೂ ಕಡೆ ನೀರು ಬಿದ್ದ ಮೇಲೆ ಭೂಮಿ ಕೈಬದಲಾಯಿತು.

ಯುರೋಪಿನಲ್ಲಿ ಸಾಮಂತ ಮಂಡಿಯೂರಿ ತನ್ನ ಎರಡು ಕೈಗಳನ್ನು ಒಡೆಯನ ಕೈಗಳ ನಡುವೆ ಇಟ್ಟು ಆಣೆ ಮಾಡುತ್ತಿದ್ದ. ಭೂಮಿ ಕೊಟ್ಟ ಗುರುತಿಗೆ ಒಂದು ಹಿಡಿ ಮಣ್ಣೋ ಒಂದು ಕೋಲೋ ಅವನ ಕೈ ಸೇರುತ್ತಿತ್ತು. ನಮ್ಮಲ್ಲಿ ಮಣ್ಣಿನ ಬದಲು ನೀರು. ಇವತ್ತಿಗೂ ಮದುವೆಯಲ್ಲಿ ಧಾರೆ ಎರೆಯುತ್ತೇವಲ್ಲ? ಧಾರೆ ಮುಹೂರ್ತ, ಧಾರೆ ಸೀರೆ ಅನ್ನುತ್ತೇವಲ್ಲ? ನೀರು ಬಿಟ್ಟ ಮೇಲೆ ಕೊಟ್ಟದ್ದು ಕೊಟ್ಟ ಹಾಗೆ, ವಾಪಸಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಮಿಟ್ ಆಯಿತು, ರೋಲ್‌ಬ್ಯಾಕ್ ಇಲ್ಲ.

ಆದರೆ ಎರಡು ತೊಳೆಯುವಿಕೆಯಲ್ಲಿ ಒಂದು ವ್ಯತ್ಯಾಸ ಇದೆ. ಕಾಲಿನಿಂದ ಹೋಗುವುದು ಧೂಳು. ಕತ್ತಿಯಿಂದ ಹೋಗುವುದು ರಕ್ತ. ಯಾರದೋ ರಕ್ತ ನೀರಲ್ಲಿ ಹೋಗುತ್ತದೆ, ಕತ್ತಿ ಹೊಳೆಯುತ್ತದೆ, ಆಮೇಲೆ ಉಳಿಯುವುದು ಒಂದು ಹಕ್ಕು. ಕೊಲ್ಲುವ ಕೆಲಸವನ್ನು ಕಾನೂನಿನ ಹಕ್ಕಾಗಿ ಮಾಡಿಕೊಡುವ ನೀರು ಅದು. ಈ ಪದ ಎಷ್ಟು ಸುಂದರವೋ ಅಷ್ಟೇ ಭಯಂಕರ ಅನ್ನಿಸುವುದು ಅದಕ್ಕೇ.

ಬಾಳ್ಗಳ್ಚುವಿನ ನೆಂಟರು

ಇದೊಂದೇ ಅಲ್ಲ, ಹಳಗನ್ನಡದಲ್ಲಿ ಭೂಮಿ ಕೊಡುವುದಕ್ಕೆ ಕೆಲಸಕ್ಕೊಂದರಂತೆ ಪದ ಇದ್ದವು. ಕೆಲವನ್ನು ನೋಡಿ.

ಕಲ್ನಾಡು: ಕಲ್ಲು ನೆಟ್ಟು ಗುರುತಿಸಿ ಬಿಟ್ಟ ಭೂಮಿ. ನಮ್ಮ ಬೆಂಗಳೂರಿನ ಬೇಗೂರಿನ ವೀರಗಲ್ಲಿನಲ್ಲಿ ಇದು ಬರುತ್ತದೆ. ಗಂಗರ ಎರೆಯಪ್ಪನ ಕಾಲದಲ್ಲಿ ನಾಗತ್ತರ ಎಂಬ ನಾಯಕ ಯುದ್ಧದಲ್ಲಿ ಸತ್ತ. ಅವನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ, ಬೆಂಪೂರು 12ನ್ನು ಕಲ್ನಾಡಾಗಿ ಕೊಟ್ಟರು. ಬೆಂಪೂರು ಅಂದರೆ ಬೇಗೂರು. ಇಂದು ಅಲ್ಲಿ ಅಪಾರ್ಟ್‌ಮೆಂಟಿನಲ್ಲಿ ಇಎಂಐ ಕಟ್ಟುತ್ತಿರುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ‘ನಮಗ್ಯಾಕೆ ಯಾರೂ ಕಲ್ನಾಡು ಕೊಡಲ್ಲ’ ಅನ್ನುತ್ತಾರೆ. ಸಾಯಬೇಕಾಗುತ್ತದೆ ಮಾರಾಯ್ರೆ, ಅಷ್ಟೇ!

ನೆತ್ತರುಕೊಡಗೆ: ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ನೆತ್ತರಿನ ಕೊಡುಗೆ. ಇಲ್ಲಿ ರಕ್ತವನ್ನು ತೊಳೆದಿಲ್ಲ, ಹೆಸರಿನಲ್ಲೇ ಉಳಿಸಿದ್ದಾರೆ. ಬಾಳ್ಗಳ್ಚು ಕೊಂದವನಿಗೆ, ನೆತ್ತರುಕೊಡಗೆ ಸತ್ತವನಿಗೆ.

ಬಿತ್ತುವಟ್ಟ, ಕಟ್ಟುಕೊಡಗೆ: ಇವೆರಡು ಕೆರೆಗೆ ಸಂಬಂಧಪಟ್ಟವು. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ಸರಿಯಾಗಿ ಇಟ್ಟುಕೊಳ್ಳುವವರಿಗೆ ಅದೇ ಕೆರೆಯ ನೀರಿನ ಕೆಳಗೆ ಭೂಮಿ.

ಉಂಬಳಿ: ಉಣ್ಣುವುದಕ್ಕೆ ಬಿಟ್ಟದ್ದು. ಉಣ್ - ಉಂಬ - ಉಂಬಳಿ. ಇದೊಂದು ಪದ ಮಾತ್ರ ನಮ್ಮ ಅಜ್ಜಂದಿರ ಕಾಲದವರೆಗೂ ಬದುಕಿತ್ತು. ಶಾನುಭೋಗ, ಪಟೇಲ, ತಳವಾರ, ತೋಟಿ ಎಲ್ಲರಿಗೂ ಅವರವರ ಉಂಬಳಿ ಇತ್ತು.

ಉಂಡ ಮೇಲೆ ಋಣ ಇರಬೇಕಲ್ಲ? ಅದಕ್ಕೂ ಪದ ಇದೆ, ಜೋಳವಾಳಿ. ಒಡೆಯನ ಜೋಳ ತಿಂದ ಋಣಕ್ಕೆ ಪ್ರಾಣ ಕೊಡುವ ನಿಷ್ಠೆ. ಬೇರೆಯವರು ಉಪ್ಪಿನ ಋಣ ಅಂದರು, ನಾವು ಜೋಳದ ಋಣ ಅಂದೆವು. ಉತ್ತರ ಕರ್ನಾಟಕದ ಗೆಳೆಯರು ಇದನ್ನು ಓದಿ ಎದೆಯುಬ್ಬಿಸಬಹುದು.

ಆ ಜೋಳ ಬೆಳೆದವರು ಯಾರು?

ನನ್ನನ್ನು ಈ ಬರಹಕ್ಕೆ ಕೂರಿಸಿದ ಪ್ರಶ್ನೆ ಇದು.

ಹಲ್ಮಿಡಿಯ ಕಲ್ಲನ್ನು ಒಂದು ಡೇಟಾಬೇಸ್ ಟೇಬಲ್ ಅಂದುಕೊಳ್ಳಿ. ಯಾವ ಯಾವ ಕಾಲಂ ಇವೆ? ಆಳುವ ರಾಜ - ಇದೆ. ಪಡೆದವನು - ಇದೆ. ಅವನ ತಂದೆ - ಇದೆ. ಊರು - ಇದೆ. ತೆರಿಗೆ ವಿನಾಯಿತಿ - ಇದೆ. ಬ್ರಾಹ್ಮಣರ ಪಾಲು - ಇದೆ. ಕೆಡಿಸಿದವನಿಗೆ ಬರುವ ಪಾಪ - ಅದೂ ಇದೆ. ಆ ಗೞ್ದೆಯಲ್ಲಿ ನೇಗಿಲು ಹಿಡಿದವನು? ಇಲ್ಲ. ಅವನ ಹೆಸರು ಬಿಟ್ಟುಹೋಗಿದ್ದಲ್ಲ. ಆ ಕಾಲಂ ಅನ್ನೇ ಮಾಡಿರಲಿಲ್ಲ.

ಆತಕೂರಿಗೆ ಬನ್ನಿ. ಅಲ್ಲಿ ನಾಯಿಗೆ ಹೆಸರಿದೆ. ಅದರ ಚಿತ್ರ ಇದೆ. ಅದರ ಪಾಲಿಗೆ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಇದೆ. ಎರಡು ಖಂಡುಗ ಅಂದರೆ ಅಷ್ಟು ಬೀಜ ಬಿತ್ತುವಷ್ಟು ನೆಲ. 20 ಕೊಳಗಕ್ಕೆ ಒಂದು ಖಂಡುಗ. ಆ ಗದ್ದೆಯನ್ನು ಉತ್ತು, ನಾಟಿ ಮಾಡಿ, ಕೊಯ್ದು, ಗೊರವನ ಮನೆಗೆ ಬತ್ತ ಹೊತ್ತು ಹಾಕಿದವರು ಯಾರೋ ಇದ್ದರಲ್ಲ? ಅವರ ಹೆಸರಿಲ್ಲ. ನಾಯಿಯ ಬಗ್ಗೆ ನನಗೆ ಹೊಟ್ಟೆಕಿಚ್ಚು ಇಲ್ಲ. ಸಾವಿರ ವರ್ಷದ ಹಿಂದೆ ಒಂದು ನಾಯಿಗಾಗಿ ಅತ್ತು ಕಲ್ಲು ನಿಲ್ಲಿಸಿದ ಮಣಲೇರನ ಮೇಲೆ ಪ್ರೀತಿಯೇ ಬರುತ್ತದೆ. ಆದರೆ ಅಷ್ಟು ಪ್ರೀತಿ ಇದ್ದವನ ಕಣ್ಣಿಗೂ ಗದ್ದೆಯಲ್ಲಿ ಬಗ್ಗಿ ನಿಂತವನು ಬೀಳಲಿಲ್ಲ ಅನ್ನುವುದು ಚುಚ್ಚುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಊರು ಕೊಟ್ಟರು ಅಂದರೆ ಊರಿನ ಜನರನ್ನು ಎಬ್ಬಿಸಿ ಮಣಲೇರ ಬಂದು ಉತ್ತ ಅಂತಲ್ಲ. ರಾಜನಿಗೆ ಸಲ್ಲುತ್ತಿದ್ದ ಪಾಲು ಇನ್ನುಮುಂದೆ ಅವನಿಗೆ ಸಲ್ಲುತ್ತದೆ ಅಂತ ಅರ್ಥ. ಉಳುವವನಿಗೆ ನಿನ್ನೆ ಒಬ್ಬ ಒಡೆಯ, ಇವತ್ತು ಇನ್ನೊಬ್ಬ. ತಕ್ಕೋಲಂನಲ್ಲಿ ಯಾರು ಯಾರನ್ನು ಕೊಂದರೋ ಅವನಿಗೆ ಗೊತ್ತಿರಲಿಕ್ಕಿಲ್ಲ, ಆದರೆ ಅದರ ಫಲ ಅವನ ಕಣಕ್ಕೆ ಬಂದು ನಿಂತಿತು.

ಈ ದತ್ತಿಗಳಿಂದಲೇ ಭಾರತದಲ್ಲಿ ಊಳಿಗಮಾನ್ಯ ವ್ಯವಸ್ಥೆ ಬೆಳೆಯಿತು ಅಂತ ರಾಮಶರಣ ಶರ್ಮಾ 1965ರ ತಮ್ಮ ‘ಇಂಡಿಯನ್ ಫ್ಯೂಡಲಿಸಂ’ ಪುಸ್ತಕದಲ್ಲಿ ವಾದಿಸಿದರು. ಇಲ್ಲಿನ ರೈತನಿಗೆ ತನ್ನ ಬೇಸಾಯದ ಮೇಲೆ ಯುರೋಪಿನ ಜೀತದಾಳಿಗಿಂತ ಹೆಚ್ಚು ಹಿಡಿತ ಇತ್ತು, ಆ ಹೆಸರು ಇಲ್ಲಿಗೆ ಒಪ್ಪುವುದಿಲ್ಲ ಅಂತ ಹರಬನ್ಸ್ ಮುಖಿಯಾ ತಕರಾರು ತೆಗೆದರು. ಆ ಜಗಳ ಪಂಡಿತರಿಗೇ ಇರಲಿ. ಹೆಸರು ಏನೇ ಇಡಿ, ಕಲ್ಲಿನ ಮೇಲೆ ಆ ಕಾಲಂ ಇರಲಿಲ್ಲ ಅನ್ನುವುದಂತೂ ನಿಜ.

ಉಳುವವನ ಸುಳಿವೇ ಇಲ್ಲವೆಂದಲ್ಲ. ಒಂದು ಪದದಲ್ಲಿ ಅವನು ಸಿಕ್ಕಿಬಿದ್ದಿದ್ದಾನೆ. ಬಿಟ್ಟಿ! ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ಬಿಟ್ಟಿಯಾಯಿತು. ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಇವತ್ತು ನಾವು ‘ಬಿಟ್ಟಿ ವೈಫೈ ಸಿಕ್ತು’ ಅನ್ನುತ್ತೇವೆ. ಪಡೆಯುವವನಿಗೆ ಪುಕ್ಕಟೆ ಆಗಿದ್ದರಿಂದ ಪದಕ್ಕೆ ಪುಕ್ಕಟೆ ಅನ್ನುವ ಅರ್ಥ ಉಳಿಯಿತು. ದುಡಿದವನ ಕಡೆಯ ಅರ್ಥ ಸವೆದುಹೋಯಿತು. ಪದಗಳು ಯಾರ ಪಕ್ಷ ವಹಿಸುತ್ತವೆ ನೋಡಿ.

ಕಾಲಂ ಬಂದದ್ದು ಯಾವಾಗ?

ಬಾಳ್ಗಳ್ಚು ಎಂಬ ಪದ ಸತ್ತಿತು. ಅದರ ಹಿಂದಿನ ವ್ಯವಸ್ಥೆ ಸಾಯಲಿಲ್ಲ. ಉಂಬಳಿ, ಇನಾಮು, ಜಹಗೀರು, ಜೋಡಿ ಅಂತ ವೇಷ ಬದಲಿಸಿತು. ಉಳುವವನು ಗೇಣಿದಾರನಾದ.

ನಮ್ಮ ಅಜ್ಜ ಸಾಗರದ ಕಡೆಯ ಗೇಣಿದಾರರು. ಗೇಣಿ ಬತ್ತ ಅಳೆಯುವ ಕೊಳಗದ ಗಾತ್ರದ ವಿಷಯಕ್ಕೆ ಶುರುವಾದ ಜಗಳವೇ 1951ರ ಕಾಗೋಡು ಸತ್ಯಾಗ್ರಹ ಆಯಿತು. ಕೊಡುವಾಗ ಒಂದು ಕೊಳಗ, ತಗೊಳ್ಳುವಾಗ ದೊಡ್ಡ ಕೊಳಗ! ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಜ್ಜ ಆಗ ಇನ್ನೂ ಸಣ್ಣವರು. ಆದರೆ ಕೊಳಗದ ಕಥೆಯನ್ನು ನಮಗೆ ಹೇಳುವಾಗ ಎರಡೂ ಕೈ ಅಗಲಿಸಿ ಅದರ ಬಾಯಿ ಎಷ್ಟು ದೊಡ್ಡದಿತ್ತು ಅಂತ ತೋರಿಸುತ್ತಿದ್ದರು.

ಆಮೇಲೆ ಒಂದೊಂದಾಗಿ ಕಾನೂನುಗಳು ಬಂದವು. ಹಳೇ ಮೈಸೂರಿನಲ್ಲಿ 1954 ಮತ್ತು 1955ರಲ್ಲಿ ಇನಾಮು ರದ್ದತಿ. 1961ರಲ್ಲಿ ಗ್ರಾಮಾಧಿಕಾರಿಗಳ ಹುದ್ದೆ ರದ್ದತಿ, ಅಲ್ಲಿಗೆ ಶಾನುಭೋಗ-ಪಟೇಲರ ಉಂಬಳಿಯ ಕಥೆ ಮುಗಿಯಿತು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುವವನು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟು ತನ್ನದನ್ನಾಗಿ ಮಾಡಿಕೊಳ್ಳಬೇಕಿತ್ತು. ‘ಉಳುವವನೇ ಹೊಲದೊಡೆಯ’ ಅಂತ ಘೋಷಣೆ.

ಅಜ್ಜ ಫಾರಂ ತುಂಬುವುದಕ್ಕೆ ಮೂರು ದಿನ ಹಿಂದೆಮುಂದೆ ನೋಡಿದರಂತೆ. ಒಡೆಯರ ಮನೆಯ ಅನ್ನ ತಿಂದಿದ್ದೇವೆ, ಈಗ ಅವರ ವಿರುದ್ಧ ಕಾಗದ ಕೊಡುವುದು ಹೇಗೆ ಅಂತ. ಜೋಳವಾಳಿ! ಆ ಪದ ಅಜ್ಜನಿಗೆ ಗೊತ್ತಿರಲಿಲ್ಲ, ಆದರೆ ಅದು ಅವರ ಕೈ ಹಿಡಿದು ನಿಲ್ಲಿಸಿತ್ತು. ಕೊನೆಗೆ ಅಜ್ಜಿ ಹೇಳಿದ ಮಾತು ನಮ್ಮ ಮನೆಯಲ್ಲಿ ಈಗಲೂ ಓಡುತ್ತದೆ - ‘ಅನ್ನ ಅವರದ್ದಾ? ನಾಟಿ ಮಾಡಿದ್ದು ನಾನು.’

ಎಲ್ಲ ಕಡೆ ಎಲ್ಲವೂ ನ್ಯಾಯವಾಗಿ ನಡೆಯಿತು ಅಂತಲ್ಲ. ಎರಡೇ ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಜಮೀನು ಕಳೆದುಕೊಂಡರು. ಗೇಣಿಯ ಹಕ್ಕೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಫಾರಂ 7 ಏನೂ ಕೊಡಲಿಲ್ಲ, ಅವರು ಕೂಲಿಗಳಾಗಿಯೇ ಉಳಿದರು. ಆ ಲೆಕ್ಕವನ್ನೂ ಯಾರಾದರೂ ಬರೆಯಬೇಕು.

ಆದರೂ ಒಂದು ಆಯಿತು. ಊರಿಗೆ ಹೋದಾಗ ಪಹಣಿ ತೆಗೆಸಿ ನೋಡಿ. ಅದರಲ್ಲಿ 9ನೇ ಕಾಲಂ ಮಾಲೀಕರದ್ದು. 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು. ಕಾಕುಸ್ಥನಿಗೂ ಬೂತುಗನಿಗೂ ಹೊಳೆಯದ ಕಾಲಂ ಅದು. 2000ದ ದಶಕದ ಆರಂಭದಲ್ಲಿ ‘ಭೂಮಿ’ ತಂತ್ರಾಂಶ ಬಂದು ಇದೆಲ್ಲ ಗಣಕೀಕರಣವಾದಾಗ ನಮ್ಮಂಥ ಯಾರೋ ಇಂಜಿನಿಯರ್ ಆ ಫೀಲ್ಡನ್ನು ಟೈಪ್ ಮಾಡಿರಬೇಕು. ಅದರ ಹಿಂದೆ ಒಂದೂವರೆ ಸಾವಿರ ವರ್ಷ ಇದೆ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ.

2020ರ ತಿದ್ದುಪಡಿಯ ನಂತರ ರೈತರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಬಹುದು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಈಗ ‘ಫಾರ್ಮ್ ಲ್ಯಾಂಡ್’ ಮಾತೇ ಮಾತು. ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಕತ್ತಿ ಲ್ಯಾಪ್‌ಟಾಪು, ನಮ್ಮ ಯುದ್ಧ ಡೆಡ್‌ಲೈನು. ದುಡಿದು ಕೊಂಡರೆ ತಪ್ಪೇನು? ಆದರೆ ಶನಿವಾರ ಹೋಗಿ ಫೋಟೋ ಹಾಕುವಾಗ, ಉಳಿದ ಐದು ದಿನ ಆ ಗಿಡಗಳಿಗೆ ನೀರು ಬಿಡುವವರ ಹೆಸರು ಕೇಳಿ ತಿಳಿದುಕೊಂಡಿರಿ. ಸಾಧ್ಯವಾದರೆ ಫೋಟೋದ ಕೆಳಗೆ ಅದನ್ನೂ ಬರೆಯಿರಿ.

ಕೊನೆಗೆ ಓದುಗ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ನಿಮ್ಮ ಊರಿನಲ್ಲಿ ಕೊಡಗಿ ಗದ್ದೆ, ಮಾನ್ಯದ ಹೊಲ, ಉಂಬಳಿ ತೋಟ, ತಳವಾರಿಕೆ ಹೊಲ ಅಂತೆಲ್ಲ ಹೆಸರಿನ ಜಮೀನು ಇದ್ದರೆ ಕೆಳಗೆ ಬರೆದು ತಿಳಿಸಿ. ಯಾರಿಗೆ, ಯಾಕೆ ಕೊಟ್ಟದ್ದು ಅಂತ ಮನೆಯ ಹಿರಿಯರನ್ನು ಕೇಳಿ. ಹಾಗೆಯೇ, ಅದನ್ನು ಉಳುತ್ತಿದ್ದವರು ಯಾರು ಅಂತಲೂ ಕೇಳಿ. ಹಿರಿಯರಿಗೆ ಮೊದಲನೆಯ ಪ್ರಶ್ನೆಗೆ ಉತ್ತರ ಬೇಗ ಹೊಳೆಯುತ್ತದೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಅವಸರ ಮಾಡದೆ ಕಾಯಿರಿ, ಆ ಹೆಸರು ಬಂದರೆ ಬರೆದಿಟ್ಟುಕೊಳ್ಳಿ.